ಗಣಿ ಮುಚ್ಚಿದ ಮೇಲೆ ಹೊಣೆ ಯಾರದು?

ಕೆ.ಜಿ.ಎಫ್. ಎಂದೊಡನೆ ಇಂದಿನ ವಿದ್ಯಾರ್ಥಿಗಳಿಗೆ ನೆನಪಾಗುವುದು 2018ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಅದರ ಕೆಲವು ದೃಶ್ಯಗಳನ್ನು ಕೋಲಾರದ ಚಿನ್ನದ ಗಣಿ ಪ್ರದೇಶದ ಬೂದು ದಿಬ್ಬಗಳ ಮೇಲೆಯೇ ಚಿತ್ರೀಕರಿಸಿದ್ದರು. ಊರಿನವರು ಅವನ್ನು 'ಸೈನೈಡ್ ದಿಬ್ಬ' ಎಂದು ಕರೆಯುತ್ತಾರೆ. ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿರುವ ನನ್ನ ಮನೆಯಿಂದ ಅಲ್ಲಿಗೆ ಸುಮಾರು ನೂರು ಕಿ.ಮೀ. ದೂರ.

ಕೆಲವು ವರ್ಷಗಳ ಹಿಂದೆ ಬಿ.ಎಸ್ಸಿ. ವಿದ್ಯಾರ್ಥಿಗಳ ಒಂದು ತಂಡವನ್ನು ಅಲ್ಲಿಗೆ ಕರೆದೊಯ್ದಿದ್ದೆ. ನನ್ನ ಉದ್ದೇಶ ಬೇರೆಯೇ ಇತ್ತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಮೊದಲ ಬಾರಿಗೆ ಪತ್ತೆ ಮಾಡಿದ ಎರಡು ತಂಡಗಳಲ್ಲಿ ಒಂದು ಕೆಲಸ ಮಾಡಿದ್ದು ಇಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ. (ಇನ್ನೊಂದು ತಂಡವೂ ಚಿನ್ನದ ಗಣಿಯಲ್ಲೇ ಇತ್ತು, ದಕ್ಷಿಣ ಆಫ್ರಿಕದಲ್ಲಿ.) ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ದಿಬ್ಬದ ಕಡೆಗೆ ಕೈ ತೋರಿಸಿ ಕೇಳಿದಳು: "ಸರ್, ಚಿನ್ನ ಲಂಡನ್ನಿಗೆ ಹೋಯಿತು, ಇದು ಇಲ್ಲೇ ಉಳಿಯಿತು. ಈಗ ಅವರನ್ನು ಕೇಳುವುದಕ್ಕೆ ಆಗುವುದಿಲ್ಲವೆ?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇದು ಕಾನೂನಿನ ಪ್ರಶ್ನೆ, ಭೌತವಿಜ್ಞಾನದ್ದಲ್ಲ ಎಂದು ನುಣುಚಿಕೊಂಡೆ. ಆಮೇಲೆ ಓದುತ್ತ ಹೋದಾಗ ಅದು ಅಷ್ಟು ಸರಿಯಾದ ಮಾತಲ್ಲ ಎನ್ನಿಸಿತು. ಬೇರೆ ದೇಶದ ಗಣಿ ಕಂಪನಿಯೊಂದನ್ನು ಹೊಣೆ ಮಾಡಲು ಹೊರಟವರು ಮೂರು ಸಂಗತಿಗಳನ್ನು ತೋರಿಸಬೇಕಾಗುತ್ತದೆ: ಹಾನಿಗೆ ಕಾರಣ ಆ ಗಣಿಯೇ, ಅಪಾಯ ಕಂಪನಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು, ಮತ್ತು ತಪ್ಪಿಸುವ ಅಧಿಕಾರ ಅದರ ಕೈಯಲ್ಲಿತ್ತು. ಮೂರನೆಯದು ಕಾಗದಪತ್ರಗಳ ವಿಷಯ. ಮೊದಲಿನ ಎರಡು ಬಹುಮಟ್ಟಿಗೆ ಅಳತೆಯ ವಿಷಯ.

ಒಂದು ಕೋಣೆ ಚಿನ್ನ

ಮೊದಲು ಲೆಕ್ಕ. ಕೋಲಾರದ ಗಣಿಗಳಿಂದ ಹೊರಬಂದ ಚಿನ್ನ ಒಟ್ಟು ಸುಮಾರು 800 ಟನ್. ಚಿನ್ನದ ಸಾಂದ್ರತೆ ಘನ ಮೀಟರಿಗೆ 19,300 ಕಿ.ಗ್ರಾಂ. ಭಾಗಿಸಿದರೆ ಸುಮಾರು 41 ಘನ ಮೀಟರ್ ಬರುತ್ತದೆ. ಎಂದರೆ ಹನ್ನೊಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಸಣ್ಣ ಕೋಣೆಯಲ್ಲಿ ನೂರಿಪ್ಪತ್ತು ವರ್ಷಗಳ ಚಿನ್ನವೆಲ್ಲ ಹಿಡಿಸುತ್ತದೆ!

ಇನ್ನು ದಿಬ್ಬಗಳು. ಅವುಗಳಲ್ಲಿರುವ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು ಎಂದು ಅಂದಾಜು. ಸಡಿಲ ಪುಡಿಯ ಸಾಂದ್ರತೆಯನ್ನು ಘನ ಮೀಟರಿಗೆ ಒಂದೂವರೆ ಟನ್ ಎಂದಿಟ್ಟುಕೊಂಡರೆ ಗಾತ್ರ ಎರಡು ಕೋಟಿ ಘನ ಮೀಟರ್. ಒಂದು ಫುಟ್‌ಬಾಲ್ ಮೈದಾನದ ಮೇಲೆ ಇದನ್ನು ನೇರವಾಗಿ ಪೇರಿಸಿದರೆ ಎತ್ತರ ಸುಮಾರು 2.8 ಕಿ.ಮೀ. ಆಗುತ್ತದೆ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿ ನೋಡಿ. ಗಣಿಗಾರಿಕೆ ಎಂದರೆ ಮುಖ್ಯವಾಗಿ ಬಂಡೆಯನ್ನು ಪುಡಿಮಾಡುವ ಉದ್ಯಮ, ಲೋಹ ಅದರ ಅಲ್ಪಾಂಶ ಎಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ.

ಇಲ್ಲಿನ ಮಣ್ಣಿನಲ್ಲಿ ಜನ ಚಿನ್ನ ತೊಳೆಯುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ವರದಿ ಮಾಡಿದ್ದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬಾತ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರುಗಳ ಕಂಪನಿಗಳು ನೋಂದಣಿಯಾದದ್ದು ಲಂಡನ್ನಿನಲ್ಲಿ, ಷೇರುದಾರರಿದ್ದದ್ದು ಹೆಚ್ಚಾಗಿ ಅಲ್ಲಿ. ಗಣಿಗಳ ಆಡಳಿತವನ್ನೆಲ್ಲ ಟೇಲರ್ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ಸಿಗುತ್ತಿದ್ದುದು ಚಿನ್ನದ ಮೇಲೆ ಶೇ. 5ರ ರಾಜಧನ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಬೆಳಗಲು 1905ರವರೆಗೆ ಕಾಯಬೇಕಾಯಿತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಏಳು ಗಂಟೆ ತೇಲುವ ಕಣ

ಗಣಿಯಲ್ಲಿ ಸಾವು ಎಂದರೆ ಕುಸಿತ, ಸ್ಫೋಟಗಳೇ ಕಣ್ಣಿಗೆ ಬರುತ್ತವೆ. ಕೋಲಾರದಲ್ಲಿ ಸದ್ದಿಲ್ಲದೆ ಹಾನಿ ಮಾಡಿದ್ದು ಧೂಳು. ಚಿನ್ನದ ಅದಿರು ಕ್ವಾರ್ಟ್ಸ್ ಎಂಬ ಬಿಳಿಗಲ್ಲಿನ ಪಟ್ಟಿಗಳಲ್ಲಿತ್ತು. ಕ್ವಾರ್ಟ್ಸ್ ಎಂದರೆ ಸ್ಫಟಿಕ ರೂಪದ ಸಿಲಿಕ. ಅದನ್ನು ಕೊರೆದಾಗ, ಸಿಡಿಸಿದಾಗ, ಕುಟ್ಟಿದಾಗ ಎಲ್ಲ ಗಾತ್ರದ ಕಣಗಳೂ ಹಾರುತ್ತವೆ.

ಗಾಳಿಯಲ್ಲಿ ಬೀಳುವ ಸಣ್ಣ ಗೋಳವೊಂದರ ಮೇಲೆ ಕೆಳಮುಖವಾಗಿ ಅದರ ತೂಕ, ಮೇಲ್ಮುಖವಾಗಿ ಗಾಳಿಯ ಸ್ನಿಗ್ಧತೆಯ ಎಳೆತ ವರ್ತಿಸುತ್ತವೆ. ಎರಡೂ ಸಮವಾದಾಗ ಗೋಳ ಒಂದೇ ವೇಗದಲ್ಲಿ ಇಳಿಯುತ್ತದೆ. ಪಿ.ಯು. ತರಗತಿಯಲ್ಲಿ ಹರಳೆಣ್ಣೆಯೊಳಗೆ ಉಕ್ಕಿನ ಗುಂಡು ಬಿಟ್ಟು ಅಳೆಯುವ ಅಂತಿಮ ವೇಗ ಇದೇ. ಸ್ಟೋಕ್ಸ್ ನಿಯಮದ ಪ್ರಕಾರ ಈ ವೇಗ ಗೋಳದ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕ್ವಾರ್ಟ್ಸ್‌ನ ಸಾಂದ್ರತೆ 2650, ಗಾಳಿಯ ಸ್ನಿಗ್ಧತಾ ಗುಣಾಂಕ 0.000018 ಎಂದು (ಎರಡೂ ಎಸ್.ಐ. ಮಾನಗಳಲ್ಲಿ) ತೆಗೆದುಕೊಂಡು ಲೆಕ್ಕ ಹಾಕೋಣ. 50 ಮೈಕ್ರೋಮೀಟರ್ ವ್ಯಾಸದ ಕಣ ಸೆಕೆಂಡಿಗೆ ಸುಮಾರು 20 ಸೆಂ.ಮೀ. ಇಳಿಯುತ್ತದೆ. ಎರಡು ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಹತ್ತೇ ಸೆಕೆಂಡು ಸಾಕು. 10 ಮೈಕ್ರೋಮೀಟರ್ ಕಣಕ್ಕೆ ನಾಲ್ಕು ನಿಮಿಷ ಬೇಕು. 1 ಮೈಕ್ರೋಮೀಟರ್ ಕಣಕ್ಕೆ? ಸುಮಾರು ಏಳು ಗಂಟೆ!

ಏಳು ಗಂಟೆ ಎಂದರೆ ಹೆಚ್ಚುಕಡಿಮೆ ಒಂದು ಪಾಳಿ. ಗಾಳಿ ಅಲುಗಾಡದೆ ನಿಂತಿದ್ದರೆ ಇಷ್ಟು, ವಾತಾಯನದ ಗಾಳಿ ಬೀಸುತ್ತಿದ್ದರೆ ಇನ್ನೂ ಹೆಚ್ಚು. ಬರಿಗಣ್ಣಿಗೆ ಕಾಣುವ ಧೂಳು ಅಡಗಿದ ಮೇಲೆ ಗಾಳಿ ಸ್ವಚ್ಛವಾಯಿತೆಂದು ಒಳಗೆ ಹೋದವನು ಉಸಿರಾಡುತ್ತಿದ್ದುದು ಕಣ್ಣಿಗೆ ಕಾಣದ ಈ ಧೂಳನ್ನು. ದೊಡ್ಡ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. ಐದು ಮೈಕ್ರೋಮೀಟರಿಗಿಂತ ಸಣ್ಣವು ಶ್ವಾಸಕೋಶದ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ಕಸ ಗುಡಿಸುವ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಆದರೆ ಸಿಲಿಕವನ್ನು ಅರಗಿಸಲಾರದೆ ತಾವೇ ಸಾಯುತ್ತವೆ. ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಈ ಚಕ್ರ ನಡೆದಲ್ಲೆಲ್ಲ ನಾರಿನಂಥ ಗಂಟು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಕ್ಷಯರೋಗ ಇಂಥ ಶ್ವಾಸಕೋಶವನ್ನು ಬಹು ಸುಲಭವಾಗಿ ಹಿಡಿಯುತ್ತದೆ.

ಈ ಕಾಯಿಲೆಯ ಎರಡು ಗುಣಗಳು ನಮ್ಮ ವಿಷಯಕ್ಕೆ ಮುಖ್ಯ. ಮೊದಲನೆಯದು, ಇದಕ್ಕೆ ಬೇರೆ ಕಾರಣವಿಲ್ಲ. ಕೆಮ್ಮಿಗೆ ನೂರು ಕಾರಣ ಹೇಳಬಹುದು. ಆದರೆ ಗಂಟುಗಳಲ್ಲಿ ಕ್ಷ-ಕಿರಣಗಳು ಹೆಚ್ಚು ಹೀರಲ್ಪಟ್ಟು ಚಿತ್ರದಲ್ಲಿ ಹರಡಿಕೊಂಡು ಕಾಣುವ ಆ ಬಿಳಿ ಚುಕ್ಕೆಗಳು, ಜೊತೆಗೆ ಸಿಲಿಕ ಧೂಳಿನಲ್ಲಿ ವರ್ಷಗಟ್ಟಲೆ ದುಡಿದ ದಾಖಲೆ, ಇವೆರಡೂ ಸೇರಿದರೆ ಕಾರಣದ ಬಗ್ಗೆ ವಾದಕ್ಕೆ ಹೆಚ್ಚು ಜಾಗವಿಲ್ಲ. ಎರಡನೆಯದು ತದ್ವಿರುದ್ಧ. ಕಾಯಿಲೆ ಗೋಚರಿಸಲು ಹತ್ತು, ಇಪ್ಪತ್ತು ವರ್ಷ ಹಿಡಿಯುತ್ತದೆ. ಗಣಿ ಬಿಟ್ಟ ಮೇಲೂ ಅದು ಬೆಳೆಯುತ್ತದೆ. ಕೋಲಾರದ ಕಾರ್ಮಿಕರಲ್ಲಿ ಬಹಳಷ್ಟು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಹಳ್ಳಿಗಳಿಂದ ಬಂದವರು, ಅವರಲ್ಲಿ ದಲಿತರು ಹೆಚ್ಚು. ದುಡಿಯಲಾರದವನು ಊರಿಗೆ ಮರಳಿದಾಗ ಕಾಯಿಲೆಯೂ ಅವನೊಡನೆ ಹೋಗಿ, ಗಣಿಯ ಲೆಕ್ಕದಿಂದ ಹೊರಗೆ ಬೀಳುತ್ತಿತ್ತು.

ಕಂಪನಿಗೆ ಗೊತ್ತಿತ್ತೆ?

ಸಿಲಿಕ ಧೂಳು ಕೊಲ್ಲುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಸ್ಪಷ್ಟವಾಗಿತ್ತು. 1902ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ಆಯೋಗ ನೇಮಕವಾಯಿತು. ಕೆಲವೇ ವರ್ಷಗಳಲ್ಲಿ ಪರಿಹಾರದ ಕಾನೂನೂ ಬಂತು. 1930ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊಹಾನ್ಸ್‌ಬರ್ಗಿನಲ್ಲಿ ಸಿಲಿಕೋಸಿಸ್ ಕುರಿತೇ ಸಮ್ಮೇಳನ ನಡೆಸಿತು. ಕೊರೆಯುವ ಕಡೆಯಲ್ಲೇ ನೀರು ಹಾಯಿಸಿದರೆ ಧೂಳು ಹುಟ್ಟಿದಲ್ಲೇ ಒದ್ದೆಯಾಗಿ ಕೂರುತ್ತದೆ ಎಂಬುದೂ ತಿಳಿದ ತಂತ್ರವಾಗಿತ್ತು. (ಹಾರಿದ ಮೇಲೆ ನೀರು ಚಿಮುಕಿಸಿದರೆ ಪ್ರಯೋಜನ ಕಡಿಮೆ. ತೀರ ಸಣ್ಣ ಕಣ ಗಾಳಿಯ ಹರಿವಿನೊಡನೆ ಹನಿಯನ್ನು ಬಳಸಿಕೊಂಡು ಹೋಗಿಬಿಡುತ್ತದೆ.)

ಕೋಲಾರದಿಂದ ಸಿಲಿಕೋಸಿಸ್‌ನ ವೈದ್ಯಕೀಯ ವರದಿ ಬಂದದ್ದು 1934ರಲ್ಲಿ. ಭಾರತದಲ್ಲೇ ಅದು ಮೊದಲನೆಯದೆಂದು ಹೇಳುತ್ತಾರೆ. 1940ರ ಸುಮಾರಿಗೆ ಮೈಸೂರು ಸಂಸ್ಥಾನ ಈ ಕಾಯಿಲೆಗೆ ಪರಿಹಾರ ಕೊಡುವ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ. 40ಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ತರಗತಿಯ ನಲವತ್ತು ಮಕ್ಕಳಲ್ಲಿ ಹದಿನಾರು ಮಂದಿಗೂ ಹೆಚ್ಚು ಎಂದು ಕಲ್ಪಿಸಿಕೊಳ್ಳಿ. ಅದೂ ತಪಾಸಣೆಯ ದಿನ ಕೆಲಸದಲ್ಲಿದ್ದವರ ಲೆಕ್ಕ, ಅದಾಗಲೇ ಊರಿಗೆ ಹೋದವರದ್ದಲ್ಲ.

ಬಂಡೆಯ ಸಿಡಿತದ ಕತೆಯೂ ಹೀಗೆಯೇ. ಮೂರು ಕಿ.ಮೀ. ಆಳದಲ್ಲಿ ಮೇಲಿನ ಬಂಡೆಯ ಭಾರದಿಂದ ಉಂಟಾಗುವ ಪ್ರತಿಬಲವನ್ನು ದ್ರವದ ಒತ್ತಡದ ಸೂತ್ರದಿಂದಲೇ ಅಂದಾಜಿಸಬಹುದು: ಸಾಂದ್ರತೆ 2900, ಗುರುತ್ವ 9.8, ಆಳ 3000. ಬರುವುದು ಸುಮಾರು 85 ಮೆಗಾಪಾಸ್ಕಲ್, ವಾಯುಮಂಡಲದ ಒತ್ತಡದ ಎಂಟುನೂರು ಪಟ್ಟಿಗೂ ಮೇಲೆ. ಅಲ್ಲಿ ಸುರಂಗ ತೋಡಿದರೆ ಅದುವರೆಗೆ ಆ ಜಾಗ ಹೊತ್ತಿದ್ದ ಭಾರ ಸುರಂಗದ ಅಂಚಿಗೆ ಸರಿಯುತ್ತದೆ. ದುಂಡನೆಯ ಸುರಂಗದ ಗೋಡೆಯಲ್ಲಿ ಪ್ರತಿಬಲ ಎರಡರಿಂದ ಮೂರು ಪಟ್ಟು ಏರಬಹುದು. ಗಟ್ಟಿ ಬಂಡೆ ತಡೆಯುವ ಮಿತಿಯೂ ಅಷ್ಟೇ, 150ರಿಂದ 250 ಮೆಗಾಪಾಸ್ಕಲ್. ಮಿತಿ ದಾಟಿದೊಡನೆ ಬಂಡೆಯಲ್ಲಿ ಸ್ಪ್ರಿಂಗಿನಂತೆ ಕೂಡಿಟ್ಟ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಇದು ಶಿಲಾಸ್ಫೋಟ. ದೊಡ್ಡವು ಊರಿನ ಮನೆಗಳನ್ನೂ ನಡುಗಿಸುತ್ತಿದ್ದವು. ಕೋಲಾರದಲ್ಲಿ ಇದರ ಮೊದಲ ದಾಖಲೆ 1898ರದು. ಆಧಾರಕ್ಕೆ ಗ್ರಾನೈಟ್ ಗೋಡೆ ಕಟ್ಟುವುದು, ಅಗೆಯುವ ಕ್ರಮವನ್ನೇ ಬದಲಿಸುವುದು, ಕಾಂಕ್ರೀಟು ತುಂಬುವುದು, ಹೀಗೆ ಒಂದೊಂದಾಗಿ ಪರಿಹಾರ ಹುಡುಕಿದರು. ಎಂಜಿನಿಯರುಗಳ ಶ್ರದ್ಧೆಯನ್ನು ನಾನು ಅಲ್ಲಗಳೆಯುವುದಿಲ್ಲ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯನ್ನು ಕೆ.ಜಿ.ಎಫ್.ನಲ್ಲೇ ಸ್ಥಾಪಿಸಿದ್ದು ಈ ದೀರ್ಘ ಅನುಭವದ ಕಾರಣದಿಂದ. ಆದರೆ ಐವತ್ತು ವರ್ಷ ದಾಖಲಿಸಿ, ಎಣಿಸಿ, ವರ್ಗೀಕರಿಸಿದ ಘಟನೆಯನ್ನು ಮತ್ತೆ 'ದೈವಾಧೀನ' ಎನ್ನಲಾಗದು. ಅಳೆದವನು ಬಲ್ಲವನೂ ಆಗುತ್ತಾನೆ, ಬಲ್ಲವನಿಗೆ ಹೊಣೆ ಅಂಟುತ್ತದೆ.

ಹಾಗಾದರೆ ಲಂಡನ್ನಿನವರನ್ನು ಕೇಳಬಹುದೆ?

ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ಕಾರಣ ಸ್ಪಷ್ಟ, ಅರಿವು ಸ್ಪಷ್ಟ, ಆಡಳಿತ ಯಾರದೆಂಬುದೂ ಸ್ಪಷ್ಟ. ಆದರೂ ಪ್ರಾಮಾಣಿಕ ಉತ್ತರ 'ಆಗದು' ಎಂದೇ. ಕಂಪನಿಗಳ ಕಾಲದಲ್ಲಿ ದುಡಿದವರು ಬಹುತೇಕ ತೀರಿಕೊಂಡಿದ್ದಾರೆ. ದಾವೆಗೆ ಕಾಲಮಿತಿ ಇದೆ. 1956ರಲ್ಲಿ ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಪರಿಹಾರ ಪಡೆದದ್ದು ಕಂಪನಿಗಳು! ಕಾರ್ಮಿಕರ ಶ್ವಾಸಕೋಶ, ನೆಲದ ಮೇಲಿನ ದಿಬ್ಬ ಎರಡೂ ಇಲ್ಲೇ ಉಳಿದವು.

ಇನ್ನೊಂದು ಮಾತನ್ನೂ ಹೇಳದೆ ಬಿಟ್ಟರೆ ಲೆಕ್ಕ ಏಕಪಕ್ಷೀಯವಾಗುತ್ತದೆ. 1880ರಿಂದ 1956ರವರೆಗೆ 76 ವರ್ಷ ಗಣಿ ಲಂಡನ್ನಿನವರ ಕೈಯಲ್ಲಿತ್ತು. ಅನಂತರದ 45 ವರ್ಷ ನಮ್ಮದೇ ಸರ್ಕಾರಗಳ ಕೈಯಲ್ಲಿತ್ತು. ಆಗಲೂ ದಿಬ್ಬ ಬೆಳೆಯಿತು, ಧೂಳು ಹಾರಿತು. ಮುಚ್ಚುವಾಗ ದಿಬ್ಬಗಳನ್ನು ಭದ್ರಪಡಿಸಿ ಹಸಿರು ಹೊದಿಸುವ ಕೆಲಸ ಆಗಬೇಕಾದಷ್ಟು ಆಗಲಿಲ್ಲ. ದೂರದ ಕಂಪನಿಯತ್ತ ಬೆರಳು ತೋರಿಸುವುದು ಸುಲಭ. ಹತ್ತಿರದವರತ್ತ ತೋರಿಸುವುದು ನನ್ನಂಥ ಸರ್ಕಾರಿ ಸಂಬಳದವರಿಗೆ ಸ್ವಲ್ಪ ಕಷ್ಟ.

ಬೇರೆ ಕಡೆ ಆದದ್ದು

ಆದರೆ 'ಆಗದು' ಎಂಬುದು ಎಲ್ಲ ಕಡೆಯ ಉತ್ತರವಲ್ಲ. ಇಪ್ಪತ್ತೈದು ವರ್ಷಗಳಿಂದ ಈಚೆಗೆ ಕೆಲವು ಬಾಗಿಲುಗಳು ತೆರೆದಿವೆ.

ಗಣಿ ಕಂಪನಿಯ ಮುಖ್ಯ ರಕ್ಷಾಕವಚ ಅದರ ರಚನೆಯೇ. ಮಾತೃಸಂಸ್ಥೆ ಒಂದು ದೇಶದಲ್ಲಿ, ಗಣಿ ನಡೆಸುವ ಅಂಗಸಂಸ್ಥೆ ಇನ್ನೊಂದರಲ್ಲಿ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ 'ವ್ಯಕ್ತಿ'ಗಳು. ಲಾಭ ಮೇಲಕ್ಕೆ ಹರಿಯುತ್ತದೆ, ಹೊಣೆ ಕೆಳಗೇ ನಿಲ್ಲುತ್ತದೆ. ಭೋಪಾಲದ ಅನಿಲ ದುರಂತದಲ್ಲಿ (1984) ನಾವು ಇದನ್ನು ಕಂಡಿದ್ದೇವೆ. ಮೊಕದ್ದಮೆ ಅಮೆರಿಕದಲ್ಲಿ ನಡೆಯಬೇಕಿಲ್ಲ, ಭಾರತದಲ್ಲೇ ನಡೆಯಲಿ ಎಂದು 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು.

ದಕ್ಷಿಣ ಆಫ್ರಿಕದಲ್ಲಿ ಕಲ್ನಾರು ಗಣಿ ನಡೆಸಿ 1979ರಲ್ಲಿ ಹೊರನಡೆದ ಕೇಪ್ ಎಂಬ ಬ್ರಿಟಿಷ್ ಕಂಪನಿಯ ಮೇಲೆ ಏಳು ಸಾವಿರಕ್ಕೂ ಹೆಚ್ಚು ಜನ ಇಂಗ್ಲೆಂಡಿನಲ್ಲಿ ದಾವೆ ಹೂಡಿದರು. ಕಲ್ನಾರಿನ ಎಳೆಯೂ ಸಿಲಿಕದಂತೆಯೇ ಶ್ವಾಸಕೋಶದಲ್ಲಿ ಕರಗದೆ ಕೂರುವ ವಸ್ತು. ತಮ್ಮ ದೇಶದಲ್ಲಿ ವಕೀಲರನ್ನು ಹಿಡಿಯುವ ಶಕ್ತಿ ಇವರಿಗಿಲ್ಲ, ಆದ್ದರಿಂದ ವಿಚಾರಣೆ ಇಲ್ಲೇ ನಡೆಯಬಹುದು ಎಂದು 2000ದ ಜುಲೈನಲ್ಲಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠ ತೀರ್ಪಿತ್ತಿತು. 2003ರಲ್ಲಿ ಕಂಪನಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು.

ಕೋಲಾರಕ್ಕೆ ಅತಿ ಹತ್ತಿರದ ಉದಾಹರಣೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳದ್ದೇ. ಅಲ್ಲಿ ಲೆಸೊಥೊ, ಮೊಜಾಂಬಿಕ್‌ನಂಥ ನೆರೆದೇಶಗಳ ಹಳ್ಳಿಗಳಿಂದ ಬಂದು ದುಡಿದು, ಕಾಯಿಲೆಯೊಡನೆ ಮರಳಿದವರು ಲಕ್ಷಾಂತರ. ಸರ್ಕಾರಿ ನಿಯಮದಂತೆ ಪುಡಿಗಾಸು ಪರಿಹಾರ ಪಡೆದವನು ಮತ್ತೆ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ವಾದವನ್ನು 2011ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು. ಆ ಹೋರಾಟ ನಡೆಸಿದ ಕಾರ್ಮಿಕ ತೀರ್ಪು ಬರುವ ಕೆಲವೇ ದಿನ ಮೊದಲು ತೀರಿಕೊಂಡಿದ್ದ. ಬಳಿಕ ಆರು ಕಂಪನಿಗಳು ಸೇರಿ ಸುಮಾರು 500 ಕೋಟಿ ರ‍್ಯಾಂಡ್ ನಿಧಿಗೆ ಒಪ್ಪಿದವು. 2019ರಲ್ಲಿ ನ್ಯಾಯಾಲಯ ಅದನ್ನು ಅಂಗೀಕರಿಸಿತು. 1965ರ ಮಾರ್ಚಿನಿಂದ ಈಚೆಗೆ ದುಡಿದವರು ಅರ್ಹರು. ಏನು ತೋರಿಸಬೇಕು? ಗಣಿಯಲ್ಲಿ ಕೆಲಸ ಮಾಡಿದ ದಾಖಲೆ, ಕಾಯಿಲೆಯ ವೈದ್ಯಕೀಯ ಪುರಾವೆ. ಹಳೆಯ ಸೇವಾ ಪುಸ್ತಕ ಮತ್ತು ಒಂದು ಎಕ್ಸ್-ರೇ.

ಭಾರತೀಯ ಮೂಲದ ಕಂಪನಿಯೂ ಈ ಪಟ್ಟಿಯಲ್ಲಿದೆ ಎಂಬುದನ್ನು ಮರೆಯಬಾರದು. ಜಾಂಬಿಯದ ಚಿಂಗೋಲ ಬಳಿಯ ತಾಮ್ರದ ಗಣಿಯಿಂದ ತಮ್ಮ ಹೊಳೆಗಳು ಕೆಟ್ಟು ಬೆಳೆ, ಮೀನು, ಕುಡಿಯುವ ನೀರು ಹಾಳಾದವೆಂದು 1,826 ಹಳ್ಳಿಗರು ವೇದಾಂತ ಸಂಸ್ಥೆಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದರು. ವಿಚಾರಣೆ ಇಂಗ್ಲೆಂಡಿನಲ್ಲಿ ನಡೆಯಬಹುದು ಎಂದು 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಂಗಸಂಸ್ಥೆಗಳ ಪರಿಸರ ರಕ್ಷಣೆಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಮಾತೃಸಂಸ್ಥೆ ತನ್ನ ಪ್ರಕಟಣೆಗಳಲ್ಲಿ ಹೇಳಿಕೊಂಡಿದ್ದು ಅದಕ್ಕೇ ಮುಳುವಾಯಿತು. 2021ರಲ್ಲಿ, ತಪ್ಪು ಒಪ್ಪಿಕೊಳ್ಳದೆ, ರಾಜಿಯಾಯಿತು.

ಇತ್ತೀಚಿನದು ಬ್ರೆಜಿಲ್‌ನದು, ಭೌತವಿಜ್ಞಾನದ ಶಿಕ್ಷಕರಿಗೆ ಅದರಲ್ಲಿ ಒಂದು ಪ್ರಯೋಗವೂ ಸಿಗುತ್ತದೆ. 2015ರ ನವೆಂಬರ್ 5ರಂದು ಮರಿಯಾನ ಬಳಿ ಕಬ್ಬಿಣದ ಗಣಿಯ ತ್ಯಾಜ್ಯದ ಅಣೆಕಟ್ಟು ಒಡೆದು 19 ಜನ ಸತ್ತರು. ನಾಲ್ಕು ಕೋಟಿ ಘನ ಮೀಟರಿನಷ್ಟು ಕೆಸರು ನದಿಗುಂಟ ಆರುನೂರು ಕಿ.ಮೀ.ಗೂ ಹೆಚ್ಚು ಹರಿದು ಅಟ್ಲಾಂಟಿಕ್ ಸಾಗರ ಸೇರಿತು. ಗಟ್ಟಿಯಾಗಿ ನಿಂತಿದ್ದ ಮಣ್ಣು ಹೇಗೆ ಒಮ್ಮೆಲೇ ಹರಿಯಿತು? ಒಂದು ಲೋಟದಲ್ಲಿ ಸಡಿಲ ಮರಳು ತುಂಬಿ, ಮೇಲ್ಮೈವರೆಗೆ ನೀರು ಹಾಕಿ. ಮೇಲೊಂದು ಭಾರವಾದ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ. ಲೋಟದ ಬದಿಯನ್ನು ಬೆರಳಿನಿಂದ ಟಕಟಕ ಬಡಿಯಿರಿ. ನಾಣ್ಯ ಮುಳುಗುತ್ತದೆ. ಮರಳಿನ ಬಲವಿರುವುದು ಕಣಕ್ಕೆ ಕಣ ಒತ್ತಿಕೊಂಡಿರುವುದರಲ್ಲಿ. ಬಡಿದಾಗ ಕಣಗಳು ಒತ್ತೊತ್ತಾಗಲು ಹೋಗಿ ನಡುವಿನ ನೀರಿನ ಒತ್ತಡ ಏರುತ್ತದೆ, ಭಾರವನ್ನು ಕಣಗಳ ಬದಲು ನೀರು ಹೊರುತ್ತದೆ. ನೀರಿಗೆ ಜಾರುವುದನ್ನು ತಡೆಯುವ ಬಲವಿಲ್ಲ. ಇದನ್ನು ದ್ರವೀಭವನ ಎನ್ನುತ್ತೇವೆ.

ಅಣೆಕಟ್ಟಿನೊಳಗಿನ ನೀರಿನ ಒತ್ತಡವನ್ನು ಅಳೆಯುವ ಉಪಕರಣಗಳಿವೆ. ಆದ್ದರಿಂದ ಇಂಥ ಕುಸಿತವನ್ನು ಆಕಸ್ಮಿಕ ಎನ್ನುವುದು ಕಷ್ಟ. ಆರು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಇಂಗ್ಲೆಂಡಿನಲ್ಲಿ ನಡೆದ ದಾವೆಯಲ್ಲಿ 2025ರ ನವೆಂಬರ್ 14ರಂದು ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟಿತು. ಅಪಾಯ ಮುಂಗಾಣಬಹುದಾಗಿತ್ತು, ಆದರೂ ಅಣೆಕಟ್ಟನ್ನು ಎತ್ತರಿಸುತ್ತ ಹೋದರು, ಬಿ.ಎಚ್.ಪಿ. ಕಂಪನಿ ಹೊಣೆ ಎಂಬುದು ಅದರ ಸಾರ. ಕಂಪನಿ ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು. ಪರಿಹಾರದ ಮೊತ್ತಕ್ಕೆ ಪ್ರತ್ಯೇಕ ವಿಚಾರಣೆ.

ಮತ್ತೆ ದಿಬ್ಬದ ಬುಡಕ್ಕೆ

ಕೋಲಾರದ ದಿಬ್ಬಗಳು ಒಣಗಿದವು, ಬ್ರೆಜಿಲ್‌ನಂತೆ ಕುಸಿದು ಹರಿಯುವ ಬಗೆಯವಲ್ಲ. ಹೆಸರು ಸೈನೈಡ್ ದಿಬ್ಬವಾದರೂ ಸೈನೈಡಿನ ಬಹುಭಾಗ ಬಿಸಿಲು ಗಾಳಿಗೆ ವಿಭಜನೆಯಾಗುವಂಥದು. ಉಳಿಯುವುದು ನುಣ್ಣನೆಯ ಸಿಲಿಕ, ಗಂಧಕದ ಖನಿಜಗಳಿಂದ ಹುಟ್ಟುವ ಆಮ್ಲ ಮತ್ತು ಲವಣ, ಕೆಲವು ಅದಿರುಪಟ್ಟಿಗಳಲ್ಲಿದ್ದ ಆರ್ಸೆನಿಕ್. ಗಾಳಿ ಬೀಸಿದಾಗ ಮೊದಲು ಏಳುವುದು ತೀರ ಸಣ್ಣ ಕಣವಲ್ಲ, ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೂರು ಮೈಕ್ರೋಮೀಟರಿನ ಆಸುಪಾಸಿನ ಕಣ ಜಿಗಿಜಿಗಿದು ಬಿದ್ದು, ಬಿದ್ದ ಕಡೆ ಸಣ್ಣದನ್ನು ಎಬ್ಬಿಸುತ್ತದೆ. ಮಳೆಗೆ ಕಟ್ಟಿದ ಮೇಲಿನ ಹೆಪ್ಪನ್ನು ಕೆದಕದಿದ್ದರೆ ಧೂಳು ಕಡಿಮೆ. ಕೆದಕಿದರೆ ಹೆಚ್ಚು.

ಕೆದಕುವ ದಿನ ಹತ್ತಿರವಾಗುತ್ತಿರಬಹುದು. ಪುಡಿಯಲ್ಲಿ ಉಳಿದಿರುವ ಅಲ್ಪ ಚಿನ್ನವನ್ನು ತೆಗೆಯಲು 13 ದಿಬ್ಬಗಳಿರುವ ಸಾವಿರ ಎಕರೆಗೂ ಮೀರಿದ ಜಾಗದಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ನೀಡಿತು. ಗುತ್ತಿಗೆ ಹಿಡಿಯುವವರು ಯಾರೇ ಇರಲಿ, ನಾಳೆ ಹಾನಿಯಾಯಿತೆಂದು ಯಾರಾದರೂ ದೂರಿದರೆ ಮೊದಲ ಪ್ರಶ್ನೆ 'ಇದು ಮೊದಲೂ ಹೀಗೆಯೇ ಇರಲಿಲ್ಲವೆ?' ಎಂಬುದು. ಅದಕ್ಕೆ ಉತ್ತರ ಕೆಲಸ ಶುರುವಾಗುವ ಮುಂಚಿನ ಅಳತೆಯಲ್ಲಿ ಮಾತ್ರ ಇರುತ್ತದೆ. ಶುರುವಾದ ಮೇಲೆ ಆ ಅಳತೆಯನ್ನು ಮಾಡಲಾಗುವುದಿಲ್ಲ.

ಬಾವಿ ನೀರಿನ ಆರ್ಸೆನಿಕ್ ಅಳೆಯಲು ಪ್ರಯೋಗಾಲಯ ಬೇಕು, ಎಕ್ಸ್-ರೇಗೆ ಆಸ್ಪತ್ರೆ ಬೇಕು. ಬೀಳುವ ಧೂಳಿಗೆ ಒಂದು ಶಾಲೆ ಸಾಕು. ಸುಮಾರು 15 ಸೆಂ.ಮೀ. ಬಾಯಿಯ, ಒಂದಡಿ ಎತ್ತರದ ನೇರ ಗೋಡೆಯ ಜಾಡಿಯಲ್ಲಿ ಶುದ್ಧ ನೀರು ಹಾಕಿ ಶಾಲೆಯ ಮಾಳಿಗೆಯ ಮೇಲೆ, ಮರಗಳಿಂದ ದೂರ, ಮೂವತ್ತು ದಿನ ಇಡಿ. ನೀರು ಆರದಂತೆ ನೋಡಿಕೊಳ್ಳಿ. ಬಿದ್ದ ಎಲೆ, ಹುಳು ತೆಗೆದು, ಮೊದಲೇ ತೂಗಿದ ಶೋಧಕ ಕಾಗದದಲ್ಲಿ ಸೋಸಿ, ಒಣಗಿಸಿ ಮತ್ತೆ ತೂಗಿ. ಬಾಯಿಯ ವಿಸ್ತೀರ್ಣ 0.0177 ಚದರ ಮೀಟರ್. 0.1 ಗ್ರಾಂ ಧೂಳು ಸಿಕ್ಕಿತೆನ್ನಿ, ತಿಂಗಳಿಗೆ ಚದರ ಮೀಟರಿಗೆ 5.6 ಗ್ರಾಂ ಆಯಿತು. ದಿಬ್ಬದ ಗಾಳಿಬೀಸುವ ಕಡೆ ಒಂದು, ಅದರ ಎದುರು ಕಡೆ ಒಂದು, ಐದಾರು ಕಿ.ಮೀ. ದೂರದಲ್ಲಿ ಒಂದು ಜಾಡಿ ಇದ್ದರೆ ಹೋಲಿಕೆ ಸಾಧ್ಯ. ಒಂದು ವರ್ಷವಾದರೂ ಮುಂದುವರಿಸಬೇಕು, ಏಕೆಂದರೆ ಬೇಸಿಗೆಯ ಧೂಳಿಗೂ ಮಳೆಗಾಲದ ಧೂಳಿಗೂ ತಾಳೆಯಿಲ್ಲ. ಪ್ರತಿ ಅಳತೆಯ ಜೊತೆ ದಿನಾಂಕ, ಸ್ಥಳ, ಗಾಳಿಯ ದಿಕ್ಕು, ತೂಕದ ಯಂತ್ರ ಯಾವುದು, ತೂಗಿದವರು ಯಾರು ಎಂಬುದನ್ನು ಶಾಯಿಯಲ್ಲಿ ಬರೆದು ಶಿಕ್ಷಕರು ಸಹಿ ಹಾಕಬೇಕು. ಪುಸ್ತಕದ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದನ್ನು ರಾಬರ್ಟ್‌ಸನ್‌ಪೇಟೆ ನಗರಸಭೆಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.